ಅಕ್ಕನ ಕೋಣೆಗೆ ಬಣ್ಣ

ಮನೆ ಕಟ್ಟಿಸುವಾಗ ಎಲ್ಲರೂ ಒಂದು ಕೋಣೆಗೆ ಬಹಳ ಗೌರವದ ಹೆಸರಿಡುತ್ತಾರೆ. ನಕ್ಷೆಯಲ್ಲಿ ಅದು ಅತಿಥಿ ಕೋಣೆ. ಗೋಡೆಯ ಸಿಮೆಂಟು ಒಣಗುವಷ್ಟರಲ್ಲಿ ಅದರ ಗತಿ ಏನಾಗುತ್ತದೆ ಎಂಬುದನ್ನು ಮಾತ್ರ ಯಾವ ಎಂಜಿನಿಯರೂ ನಕ್ಷೆಯಲ್ಲಿ ತೋರಿಸುವುದಿಲ್ಲ. ನಾರಾಯಣಪೇಟೆಯ ನಮ್ಮ ಮನೆಯ ಆ ಹತ್ತಡಿ ಹತ್ತಡಿ ಕೋಣೆಯಲ್ಲಿ ಅತಿಥಿಗಳನ್ನು ಬಿಟ್ಟು ಉಳಿದದ್ದೆಲ್ಲ ವಾಸವಾಗಿತ್ತು. ಎರಡು ತೊಗರಿ ಚೀಲ, ಒಂದು ಜೋಳದ ಚೀಲ, ಕೆಟ್ಟ ಕೂಲರ್, ಕೂಲರ್ ಕೆಟ್ಟಿತೆಂದು ತಂದು ಆಮೇಲೆ ತಾನೂ ಕೆಟ್ಟ ಟೇಬಲ್ ಫ್ಯಾನು, ವ್ಯಾಯಾಮ ಮಾಡುತ್ತೇನೆಂದು ನಾನು ಕೊಂಡ, ನಿಂತಲ್ಲೇ ತುಳಿಯುವ ಸೈಕಲ್ಲು, ಅದರ ಹ್ಯಾಂಡಲ್ಲಿನ ಮೇಲೆ ಒಣಹಾಕಿದ ಗೋಣಿತಟ್ಟು, ಮತ್ತು ಇಪ್ಪತ್ತು ವರ್ಷಗಳ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು. ಈ ಕೊನೆಯವು ನನ್ನವು. ತೆಲುಗು ಸೀಮೆಗೆ ಸೇರಿದ ಮಕ್ತಲ್ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನಾನು ಮಾಸ್ತರು. ಮುಂದೆ ಎಂದಾದರೂ ಬೇಕಾದಾವು ಎಂದು ಕಟ್ಟು ಕಟ್ಟಿ ಇಟ್ಟುಕೊಂಡಿದ್ದೆ. ಕೈಗೆ ಬಂದದ್ದನ್ನು ಎಸೆಯಲು ನನಗೆ ಮನಸ್ಸಾಗುವುದಿಲ್ಲ. ಇದು ಒಳ್ಳೆಯ ಗುಣವೆಂದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಗಿರಿಜಾ ಇದನ್ನು ರೋಗ ಅನ್ನುತ್ತಾಳೆ.

ಆ ಕೋಣೆಯಲ್ಲಿ ಮನುಷ್ಯರೊಬ್ಬರು ಮಲಗಿದ್ದು ಒಂದೇ ಸಲ. ನಾಲ್ಕು ವರ್ಷದ ಹಿಂದೆ ಗೃಹಪ್ರವೇಶದ ದಿನ. ಮನೆ ತುಂಬ ನೆಂಟರು. ಗದ್ವಾಲಿನಿಂದ ಬಂದಿದ್ದ ನಮ್ಮ ಶರಣಕ್ಕನಿಗೆ ಜಾಗ ಸಿಕ್ಕಿದ್ದು ಅಡುಗೆಯವರ ಕೊಪ್ಪರಿಗೆಗಳು ಮತ್ತು ಜೋಳದ ಚೀಲಗಳ ನಡುವೆ, ಈ ಕೋಣೆಯಲ್ಲಿ. ಬೆಳಿಗ್ಗೆ ಎದ್ದು ಯಾರಿಗೂ ಏನೂ ಅನ್ನದೆ, ಚಹಾ ಕುಡಿದು, ಚೀಲ ಹೆಗಲಿಗೆ ಹಾಕಿಕೊಂಡು ಏಳು ಗಂಟೆಯ ಬಸ್ಸು ಹತ್ತಿದವಳು ಆಮೇಲೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರು ಅಂದರೆ ನನ್ನ ಮನೆಯೇ. ನಮ್ಮ ಕಡೆ ಶ್ರಾವಣದ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು, ಉಂಡಿ ತಿಂದು, ಜೋಕಾಲಿ ಆಡಿ ಹೋಗಬೇಕು. ನಾಲ್ಕು ಪಂಚಮಿ ಬಂದು ಹೋದವು, ಅಕ್ಕ ಬರಲಿಲ್ಲ. ಯಾರದಾದರೂ ಮದುವೆಯಲ್ಲಿ ಸಿಕ್ಕರೆ ಗಿರಿಜಾಳ ಜೊತೆ ತಾಸುಗಟ್ಟಲೆ ಮಾತಾಡುತ್ತಿದ್ದಳು, ನನ್ನ ಮಗಳು ಅಶ್ವಿನಿಯ ಕೆನ್ನೆ ಸವರುತ್ತಿದ್ದಳು. ನನಗೆ ಮಾತ್ರ "ಆರಾಮೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗಿಬಿಡುತ್ತಿದ್ದಳು. ಹಾಸ್ಯ ಬರೆಯಲು ಕೂತಿದ್ದೇನೆ, ಆದರೂ ಇದನ್ನು ನೇರವಾಗಿಯೇ ಹೇಳುತ್ತೇನೆ: ಆ ನಾಲ್ಕು ವರ್ಷ ನನಗೆ ಒಳಗೊಳಗೇ ಬಹಳ ಸಂಕಟವಾಗಿತ್ತು. ಅಕ್ಕನ ಸಿಟ್ಟಿಗೆಲ್ಲ ಆ ಚೀಲದ ಕೋಣೆಯೇ ಕಾರಣ ಎಂದು ನಾನು ಅಂದೇ ತೀರ್ಮಾನಿಸಿದ್ದೆ. ಮಾಸ್ತರಾದವನಿಗೆ ಉತ್ತರ ಬೇಗ ಹೊಳೆಯುತ್ತದೆ. ಅದು ಸರಿಯೋ ತಪ್ಪೋ ಎಂದು ತಿದ್ದಿ ನೋಡುವ ಅಭ್ಯಾಸ ಮಕ್ಕಳ ಉತ್ತರಕ್ಕೆ ಮಾತ್ರ.

ಈ ವರ್ಷ ಮಕ್ತಲಿನ ಒಂದು ತೊಟ್ಟಿಲ ಕಾರ್ಯದಲ್ಲಿ ಗಿರಿಜಾ ಧೈರ್ಯ ಮಾಡಿ ಅಕ್ಕನ ಕೈ ಹಿಡಿದುಕೊಂಡು, "ಈ ಸಲ ಪಂಚಮಿಗೆ ಬರಾಕ ಬೇಕು ಅಕ್ಕಾರ, ಎಂಟು ದಿನ ಇದ್ದು ಹೋಗ್ರಿ" ಅಂದಳಂತೆ. ಅಕ್ಕ ಕೈ ಬಿಡಿಸಿಕೊಳ್ಳದೆ "ನೋಡೋಣ" ಅಂದಳಂತೆ. ಬೇರೆಯವರ 'ನೋಡೋಣ' ಬೇರೆ. ಶರಣಕ್ಕನ 'ನೋಡೋಣ' ಅಂದರೆ ಸ್ಟಾಂಪು ಕಾಗದದ ಮೇಲೆ ಬರೆದುಕೊಟ್ಟಂತೆ. ಮನೆಗೆ ಬಂದವಳೇ ಗಿರಿಜಾ ಆ ಕೋಣೆಯ ಬಾಗಿಲು ತೆರೆದು, ಒಳಗೆ ಹೋಗಲು ದಾರಿಯಿಲ್ಲದೆ ಹೊರಗೇ ನಿಂತು ಘೋಷಿಸಿದಳು. "ಪಂಚಮಿ ಒಳಗ ಇದು ಮನುಷ್ಯಾರು ಇರೂ ಕೋಣಿ ಆಗಬೇಕು. ಬಣ್ಣ ಹಚ್ಚಬೇಕು, ಮಂಚ ಹಾಕಬೇಕು, ಪರದೆ ಕಟ್ಟಬೇಕು. ಈ ಸಲ ಅಕ್ಕಾರು ಮುಖ ತಿರುವಿಕೊಂಡು ಹೋದ್ರ ನಾ ನಿಮ್ಮನ್ನ ಬಿಡಂಗಿಲ್ಲ ನೋಡ್ರಿ." ಆಗ ಆಷಾಢ ನಡೆದಿತ್ತು. ಕೈಯಲ್ಲಿ ಇನ್ನೂ ಮೂರು ವಾರವಿತ್ತು.

ಬಣ್ಣ ಆರಿಸುವುದು ಬೇರೆ ಊರುಗಳಲ್ಲಿ ಹೇಗೋ ಗೊತ್ತಿಲ್ಲ. ಬೀದಿಬೀದಿಗೆ ಮಗ್ಗ, ಸೀರೆ ಅಂಗಡಿ ಇರುವ ನಮ್ಮೂರಿನಲ್ಲಿ ಬಣ್ಣದ ವಿಷಯಕ್ಕೆ ಗಂಡಸರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂಗಡಿಯವನು ಬಣ್ಣದ ಚೀಟಿಗಳ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟ. ಅದರಲ್ಲಿ ಬಿಳಿಯೇ ಹನ್ನೆರಡು ಥರ ಇದ್ದವು, ನನಗೆ ಹನ್ನೆರಡೂ ಒಂದೇ ಥರ ಕಂಡವು. ನಾನು "ಬಿಳಿ ಸಾಕು" ಅಂದೆ. ಗಿರಿಜಾ ಪುಸ್ತಕವನ್ನು ಮುಟ್ಟಲೂ ಇಲ್ಲ. ಕೈಚೀಲದಿಂದ ಒಂದು ಗದ್ವಾಲ ಸೀರೆ ತೆಗೆದು ಕಟ್ಟೆಯ ಮೇಲೆ ಹಾಸಿದಳು. ಅಶ್ವಿನಿ ಹುಟ್ಟಿದಾಗ ಅಕ್ಕ ಉಡಿಸಿದ ಸೀರೆ ಅದು. ಅಂಗಡಿಯವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಸೀರೆಯ ಮೇಲೆ ಕೈಯಾಡಿಸಿ, "ಸೆರಗಿನ ಬಣ್ಣ ಗ್ವಾಡಿಗೆ ಭಾಳ ಆಗತೈತಮ್ಮಾ, ಒಡಲಿಂದು ಹಿಡೀರಿ" ಅಂದ. ಇಬ್ಬರೂ ಅರ್ಧ ತಾಸು ಸೀರೆಯನ್ನು ಬೆಳಕಿಗೆ ಹಿಡಿದು, ನೆರಳಿಗೆ ಹಿಡಿದು, ಕೊನೆಗೆ ಮಜ್ಜಿಗೆಗೆ ಒಂದು ಚಿಟಿಕೆ ಅರಿಶಿನ ಬಿದ್ದಂಥ ಬಣ್ಣವೊಂದನ್ನು ಒಪ್ಪಿಕೊಂಡರು. ಡಬ್ಬಿ ಹೊರುವ ಕೆಲಸ ನನಗೆ ಬಂತು.

ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ. ಬಣ್ಣ ನಾನೇ ಹಚ್ಚುತ್ತೇನೆ ಅಂದೆ. ಅಕ್ಕನ ಸಲುವಾಗಿ ಕೈಯಾರೆ ಮಾಡಬೇಕೆಂಬ ಆಸೆಯೂ ಇತ್ತು, ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ ಧೈರ್ಯವೂ ಇತ್ತು. ಆ ವಿಡಿಯೋಗಳಲ್ಲಿ ಒಬ್ಬ ಮನುಷ್ಯ ಬಿಳಿ ಅಂಗಿ ತೊಟ್ಟು, ನಗುತ್ತಾ, ರೋಲರನ್ನು ಮೇಲಿಂದ ಕೆಳಗೆ ಎಳೆಯುತ್ತಾನೆ, ಗೋಡೆ ಮುಗಿದುಹೋಗುತ್ತದೆ. ನಾನೂ ಒಂದು ಭಾನುವಾರ ಎಳೆದೆ. ಬಣ್ಣ ಗೋಡೆಗೆ ಹತ್ತುವ ಮೊದಲು ನನ್ನ ಕನ್ನಡಕಕ್ಕೆ ಹತ್ತಿತು, ಮೊಳಕೈಗೆ ಹತ್ತಿತು, ಬಾಗಿಲಲ್ಲಿ ಇಣುಕಿದ ಅಶ್ವಿನಿಯ ಕೂದಲಿಗೂ ಹತ್ತಿತು. ಅವಳು ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವ ಹುಡುಗಿ. ದಿನಕ್ಕೆ ಹತ್ತು ತಾಸು ಓದುವ ಮಗಳ ತಲೆಯನ್ನು ಹಾಳು ಮಾಡಿದ ತಂದೆ ಎಂಬ ಹೆಸರೂ ಬಂತು. ಸಂಜೆಗೆ ಒಂದು ಗೋಡೆ ಮುಗಿಯಿತು. ಮೇಲಿಂದ ಕೆಳಗೆ ದಪ್ಪನೆಯವೂ ತೆಳ್ಳನೆಯವೂ ಆದ ಧಾರೆಗಳು ಇಳಿದು ಅಲ್ಲಲ್ಲೇ ಒಣಗಿದ್ದವು. ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದು ಗ್ವಾಡಿ ಏನ್ರೀ? ಇಲ್ಲಾ ಹುಡುಗೂರಿಗೆ ನದಿ ಪಾಠ ಮಾಡಾಕ ನಕ್ಷೆ ಬರದೀರೇನು?" ಅಂದಳು. ಮರುದಿನವೇ ಮೌಲಾಸಾಬನಿಗೆ ಹೇಳಿ ಕಳಿಸಿದಳು.

ಮೌಲಾಸಾಬ್ ನಮ್ಮ ಕಡೆಯ ಮದುವೆ ಮನೆಗಳ ಬಣ್ಣಗಾರ. ಉಟ್ಕೂರಿನಿಂದ ಗುಂಡುಮಾಲಿನವರೆಗೆ ಅವನು ಬಣ್ಣ ಹಚ್ಚದ ಮನೆಯಲ್ಲಿ ಅಕ್ಷತೆ ಬೀಳುವುದಿಲ್ಲ. ಮೂವತ್ತು ವರ್ಷದಿಂದ ಅದೊಂದೇ ಕೆಲಸ ಮಾಡಿ, ಗೋಡೆಗೆ ಬಣ್ಣ ಹಚ್ಚುವುದಕ್ಕೆ ಮದುವೆಯ ಹೊರತು ಬೇರೆ ಕಾರಣ ಇರಬಹುದೆಂಬುದೇ ಅವನಿಗೆ ಮರೆತುಹೋಗಿತ್ತು. ಬಂದವನೇ ಕೋಣೆ ನೋಡಿ, ನನ್ನ ಗೋಡೆ ನೋಡಿ, "ಲಗ್ನ ಯಾವಾಗ ಮಾಸ್ತರ್ ಸಾಬ್?" ಎಂದು ಕೇಳಿದ. ಲಗ್ನ ಇಲ್ಲ, ಪಂಚಮಿಗೆ ನಮ್ಮ ಅಕ್ಕ ಬರುತ್ತಾಳೆ, ಅದಕ್ಕೆ ಎಂದೆ. ಅವನು ಗುಟ್ಟು ತಿಳಿದವನಂತೆ ನಕ್ಕ. "ಇರ್ಲಿ ಬಿಡ್ರಿ. ಪಕ್ಕಾ ಆಗೂತನಕ ಬಾಯಿ ಬಿಡಬಾರ್ದು. ನನಗ ಗೊತ್ತೈತಿ. ನಾ ಯಾರ ಮುಂದೂ ಹೇಳಂಗಿಲ್ಲ, ಫಿಕರ್ ಮಾಡಬ್ಯಾಡ್ರಿ." ಅವನು ಯಾರ ಮುಂದೂ ಹೇಳಲಿಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಹೇಳುವ ಅಗತ್ಯವೇ ಇರಲಿಲ್ಲ. ಆಷಾಢದಲ್ಲಿ ಮೌಲಾಸಾಬನ ಏಣಿ ಒಂದು ಮನೆಗೆ ಒರಗಿತೆಂದರೆ ಶ್ರಾವಣದಲ್ಲಿ ಆ ಮನೆಯಲ್ಲಿ ಮದುವೆ ಎಂದು ನಮ್ಮ ಓಣಿಯ ಎಮ್ಮೆಗಳಿಗೂ ಗೊತ್ತು.

ಎದುರು ಮನೆಯ ಈರಮ್ಮ ಅಂದೇ ಸಂಜೆ ಬಂದಳು. "ಹುಡುಗ ಯಾವೂರವ್ರಿ ಸರ್?"

"ಹುಡುಗ ಇಲ್ಲ ಈರಮ್ಮಾ. ನಮ್ಮಕ್ಕ ಬರ್ತಾಳ, ಅಕಿಗೆ ಕೋಣಿ."

"ಅಕ್ಕ ಬಂದ್ರ ಬಣ್ಣ ಹಚ್ಚತಾರೇನ್ರಿ? ಅಕ್ಕ ಬಂದ್ರ ಒಂದು ಚಾಪಿ ಹಾಸತಾರ. ನನಗೇನು ಹೇಳ್ತೀರಿ, ನನಗೂ ಮೂವರು ತಮ್ಮಂದಿರು ಅದಾರ" ಎಂದು ಅವಳು ನಕ್ಕು ಹೋದಳು.

ನಾನು ನಿಜ ಹೇಳುತ್ತಿದ್ದೆ, ಒಬ್ಬರೂ ನಂಬುತ್ತಿರಲಿಲ್ಲ. ತಮ್ಮನೊಬ್ಬ ಅಕ್ಕನ ಸಲುವಾಗಿ ಗೋಡೆ ಬಳಿಸುತ್ತಾನೆ ಎಂಬುದು ನಮ್ಮ ಓಣಿಯಲ್ಲಿ ಅಷ್ಟು ನಂಬಲಾಗದ ಮಾತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಲ್ಲದ ಹುಡುಗ ಮಾತ್ರ ದಿನದಿಂದ ದಿನಕ್ಕೆ ಬೆಳೆಯತೊಡಗಿದ. ಬುಧವಾರದ ಹೊತ್ತಿಗೆ ಅವನಿಗೆ ರಾಯಚೂರಿನಲ್ಲಿ ನೌಕರಿ ಸಿಕ್ಕಿತ್ತು. ಶುಕ್ರವಾರಕ್ಕೆ ಆ ನೌಕರಿ ಪರ್ಮನೆಂಟ್ ಆಗಿತ್ತು.

ಇತ್ತ ಕೋಣೆ ಕಣ್ಣು ತುಂಬುವಂತಾಗುತ್ತಿತ್ತು, ಅದನ್ನು ಒಪ್ಪಬೇಕು. ಮೌಲಾಸಾಬ್ ಮೂರು ಗೋಡೆಗಳನ್ನು ಬೆಣ್ಣೆ ಸವರಿದಂತೆ ಮುಗಿಸಿದ. ನಾಲ್ಕನೆಯದನ್ನು, ಅಂದರೆ ನನ್ನದನ್ನು, ಕೆರೆದು ಮತ್ತೆ ಹಚ್ಚಿದರೂ ನದಿಗಳು ಪೂರ್ತಿ ಬತ್ತಲಿಲ್ಲ. ಗಿರಿಜಾ ಗಾದಿಯ ಹತ್ತಿ ಬಿಡಿಸಿ, ಹೊಡೆಸಿ, ಹೊಸ ಗಲೀಫು ಹಾಕಿದಳು. ತನ್ನ ಹಳೆಯ ನಾರಾಯಣಪೇಟೆ ಸೀರೆಯೊಂದನ್ನು ಕತ್ತರಿಸಿ, ಅಂಚು ಕೆಳಗೆ ಬರುವಂತೆ ಕಿಟಕಿಗೆ ಪರದೆ ಹೊಲಿದಳು. ಒಂದು ಸ್ಟೂಲು, ಅದರ ಮೇಲೆ ತಂಬಿಗೆ, ಗೋಡೆಗೆ ಒಂದು ಕನ್ನಡಿ, ಸೀರೆ ನೇತುಹಾಕಲು ಎರಡು ಗೂಟ. ಅಶ್ವಿನಿ ತಾನು ಓದುವ ಟೇಬಲ್ ಲ್ಯಾಂಪನ್ನು ತಂದಿಟ್ಟಳು. ನಾನು ನನ್ನ 'ಮಂಡಲದ ಉತ್ತಮ ಶಿಕ್ಷಕ' ಪ್ರಶಸ್ತಿಪತ್ರವನ್ನು ಕಟ್ಟು ಹಾಕಿಸಿ ತಂದೆ. ಗಿರಿಜಾ ಅದಕ್ಕೂ ಜಾಗ ಕೊಟ್ಟಳು, ಬಾಗಿಲ ಹಿಂದೆ. ಬಾಗಿಲು ಹಾಕಿದರೆ ಮಾತ್ರ ಕಾಣುತ್ತಿತ್ತು. ನನ್ನ ಪ್ರಶ್ನೆಪತ್ರಿಕೆಗಳೆಲ್ಲಿ ಎಂದು ಕೇಳಿದೆ. ಬಣ್ಣ ಬೀಳದಿರಲೆಂದು ಮೌಲಾಸಾಬ್ ಅವನ್ನು ನೆಲದ ತುಂಬ ಹಾಸಿದ್ದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವು ಉಪಯೋಗಕ್ಕೆ ಬಂದಿದ್ದವು.

ಶನಿವಾರ ಶಾಲೆ ಮುಗಿಸಿ ಬಂದಾಗ ನಮ್ಮ ಮನೆಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಜನರನ್ನು ಸರಿಸಿ ನೋಡಿದರೆ, ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ಆಳೆತ್ತರದ ನವಿಲು. ಮೇಲೆ ತೆಂಗಿನಕಾಯಿ ಇಟ್ಟ ಕಲಶ, ಅದರ ಎರಡೂ ಕಡೆ ಬಾಳೆಗಿಡ. ನಡುವೆ ದುಂಡಗಿನ ಅಕ್ಷರಗಳಲ್ಲಿ ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ 'ಸುಸ್ವಾಗತ'. ಅದರ ಕೆಳಗೆ ಹೂಬಳ್ಳಿ ಸುತ್ತಿದ ಎರಡು ಖಾಲಿ ಜಾಗ, ಒಂದು ಹುಡುಗಿಯ ಹೆಸರಿಗೆ, ಒಂದು ಹುಡುಗನ ಹೆಸರಿಗೆ. ಗಿರಿಜಾ ಪೇಟೆಗೆ ಹೋಗಿದ್ದಳು, ಅಶ್ವಿನಿ ಲೈಬ್ರರಿಗೆ. ತಡೆಯುವವರು ಯಾರೂ ಇರಲಿಲ್ಲ. ಮೌಲಾಸಾಬ್ ಬ್ರಶ್ಶು ತೊಳೆಯುತ್ತಾ ಬಹಳ ತೃಪ್ತಿಯಿಂದ ಹೇಳಿದ. "ಬಣ್ಣ ಉಳದಿತ್ತು ಸಾಬ್, ಸುಮ್ಮನ ಹಾಳಾಗತೈತಿ ಅಂತ. ನೀಲಿ ಗುಂಡುಮಾಲ್ ಲಗ್ನದಾಗ ಉಳದದ್ದು. ಇದಕ್ಕ ನೀವೇನೂ ಕೊಡಬ್ಯಾಡ್ರಿ, ಹುಡುಗಿಗೆ ನನ್ನ ಕಡಿಂದ ಕಾಣಿಕಿ. ಹೆಸರು ಎರಡು ಹೇಳಿದ್ರ ಬರದು ಹೋಗೇ ಬಿಡ್ತೀನಿ." ಅಷ್ಟು ಪ್ರೀತಿಯಿಂದ ಬರೆದವನನ್ನು ಬೈಯುವುದಾದರೂ ಹೇಗೆ? ಎಡಗಡೆಯ ನವಿಲಂತೂ ನಿಜವಾಗಿ ಚಂದ ಇತ್ತು. ಬಲಗಡೆಯದು ಸ್ವಲ್ಪ ಕೋಳಿಯ ಕಡೆ ವಾಲಿತ್ತು.

ಈರಮ್ಮನ ಸೊಸೆ ಆಗಲೇ ಫೋಟೋ ಹಿಡಿದಿದ್ದಳು. ಆ ಫೋಟೋ ನಾರಾಯಣಪೇಟೆಯಿಂದ ಮಕ್ತಲಿಗೆ, ಮಕ್ತಲಿನಿಂದ ಗದ್ವಾಲಿಗೆ ಯಾವ ಬಸ್ಸಿಗೂ ಕಾಯದೆ ಹೋಗಿ ಮುಟ್ಟಿತು. ಮರುದಿನ ಬೆಳಿಗ್ಗೆ ಗದ್ವಾಲಿನಿಂದ ಭಾವನ ಫೋನು. ಮೆಲುದನಿಯ ಮನುಷ್ಯ, ಅಂದು ಇನ್ನೂ ಮೆಲ್ಲಗೆ ಮಾತಾಡಿದರು. "ನಿಮ್ಮಕ್ಕ ಪಂಚಮಿಗೆ ಬರಂಗಿಲ್ಲ ಅಂತಾಳಪ್ಪ. ಹುಡುಗಿ ಲಗ್ನ ಪಕ್ಕಾ ಮಾಡಿದ್ರ ಮೊದಲ ಸೋದರತ್ತಿಗೆ ಹೇಳಬೇಕೋ ಬ್ಯಾಡೋ? ಗ್ವಾಡಿ ಮ್ಯಾಲ ನವಿಲು ಕುಂತ ಮ್ಯಾಲ ಸುದ್ದಿ ತಿಳೀತು ಅಂತ ನಿನ್ನಿಯಿಂದ ಉಂಡಿಲ್ಲ."

ಗಿರಿಜಾ ಹೊಸ ಗಾದಿಯ ಮೇಲೆ ಕುಸಿದು ಕುಳಿತಳು. ಅಕ್ಕ ಕೂರಬೇಕಾದ ಜಾಗ ಅದು. ಅಶ್ವಿನಿ ಮಾತ್ರ ಪುಸ್ತಕ ಮುಚ್ಚಿ ನನ್ನೆದುರು ನಿಂತಳು. "ಅಪ್ಪಾ, ಲೈಬ್ರರಿಯೊಳಗ ಮೂರು ಮಂದಿ ಕಂಗ್ರಾಟ್ಸ್ ಅಂದ್ರು. ಒಬ್ಬಾಕಿ ಇನ್ನ ಓದೂದು ಬಿಡ್ತೀಯೇನು ಅಂತ ಕೇಳಿದಳು. ನೀ ಈಗಿಂದೀಗ ಗದ್ವಾಲಕ್ಕ ಹೋಗು. ಲಗ್ನ ಇಲ್ಲ ಅಂತ ಅತ್ತಿ ಮುಂದ ಹೇಳು. ಅತ್ತಿ ಒಬ್ಬಾಕಿ ಹೇಳಿದ್ರ ಬಳಗದಾಗ ಎಲ್ಲಾರೂ ನಂಬತಾರ." ಫೋನು ಮಾಡುತ್ತೇನೆ ಅಂದೆ. "ಅತ್ತಿ ಎತ್ತಂಗಿಲ್ಲ" ಎಂದು ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟಳು.

ಮಕ್ತಲಿನಲ್ಲಿ ಬಸ್ಸು ಬದಲಿಸುವಾಗ ನಮ್ಮ ಶಾಲೆಯ ಲೆಕ್ಕದ ಮಾಸ್ತರು ಸಿಕ್ಕು, ಕೈ ಕುಲುಕಿ, ಊಟಕ್ಕೆ ಹೋಳಿಗೆಯೋ ಬೂಂದಿಯೋ ಎಂದು ವಿಚಾರಿಸಿದರು. ಜೂರಾಲ ದಾಟುವಾಗ ಅಣೆಕಟ್ಟಿನ ಗೇಟು ತೆರೆದಿದ್ದರು, ಬಸ್ಸಿನವರೆಲ್ಲ ನೀರು ನೋಡಲು ಕಿಟಕಿಗೆ ಮುಗಿಬಿದ್ದರು. ನಾನು ಕಣ್ಣು ಮುಚ್ಚಿ ಅಕ್ಕನ ಮುಂದೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಒಂದು, ಲಗ್ನ ಇಲ್ಲ. ಎರಡು, ನವಿಲು ನಾನು ಬರೆಸಿದ್ದಲ್ಲ. ಮೂರು, ತಪ್ಪೆಲ್ಲ ಮೌಲಾಸಾಬನದು. ಮೂರೇ ಅಂಶ. ನಾಲ್ಕನೆಯದು ಇರಲಿಲ್ಲ.

ಅಕ್ಕ ಬಾಗಿಲಲ್ಲೇ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಕೈ ನಿಂತಿತು. ನನ್ನ ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ನನ್ನ ಮೊಳಕೈ ನೋಡಿದಳು. ಎಷ್ಟು ತಿಕ್ಕಿದರೂ ಹೋಗದ ಬಣ್ಣ ಅಲ್ಲಿ ಇನ್ನೂ ಇತ್ತು.

"ಚೆನ್ನ್ಯಾ, ನೀನ ಬಂದ್ಯಾ?" ಅಂದಳು. ನನ್ನನ್ನು ಹಾಗೆ ಕರೆಯುವವರು ಈಗ ಅವಳೊಬ್ಬಳೇ. "ಕರಿಯಾಕ ಬಂದ್ಯಾ?"

ಅಂಶ ಒಂದು ನಾಲಗೆಯ ತುದಿಗೆ ಬಂದಿತ್ತು. ಅಕ್ಕನ ಕಣ್ಣು ನೋಡಿದೆ. ತಲೆಯಾಡಿಸಿಬಿಟ್ಟೆ.

ಅಕ್ಕ ಮೊರ ಪಕ್ಕಕ್ಕಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನಾಲ್ಕು ವರ್ಷದ ಬೈಗುಳವನ್ನು ಒಟ್ಟಿಗೇ ಶುರು ಮಾಡಿದಳು. "ಮನಿ ಕಟ್ಟಿಸಿದಿ, ನನಗ ಫೋನಿನ್ಯಾಗ ಕಾರ್ಡು ಕಳಸಿದಿ. ಅದ ಕಾರ್ಡು ನಿಮ್ಮ ಹಾಲಿನವನಿಗೂ ಬಂದಿತ್ತಂತ, ಅವನ ಹೇಳಿದ. ಕುಂಕುಮ ಹಚ್ಚಿ ಕರಿಯಾಕ ನಿನಗ ಗದ್ವಾಲ ದೂರ ಆತು. ಆಮ್ಯಾಲ ಪಂಚಮಿ ಬಂದಾಗೊಮ್ಮೆ ಫೋನು. ಪಂಚಮಿಗೆ ಅಕ್ಕಂದಿರನ್ನ ಕರಕೊಂಡು ಹೋಗಾಕ ತಮ್ಮ ಬರಬೇಕು. ಆ ಫೋನೇನು ನನ್ನ ತಮ್ಮನೇನೋ?"

"ಅಂದ್ರ ಸಿಟ್ಟು ಆ ಕೋಣಿ ಸಲುವಾಗಿ ಅಲ್ಲೇನಕ್ಕ? ಜ್ವಾಳದ ಚೀಲದ ನಡುವ ಮಲಗಿಸಿದ್ದಕ್ಕ?"

"ಯಾವ ಚೀಲ?" ಅಂದಳು ಅಕ್ಕ. ಸ್ವಲ್ಪ ಯೋಚಿಸಿ, "ಹಂಗೇನರ ಇದ್ದುವೇನು? ಜ್ವಾಳದ ಚೀಲ ಇದ್ದ ಮನಿ ಚಲೋ ಅಲ್ಲೇನೋ ಹುಚ್ಚಾ" ಅಂದಳು.

ಮೂರು ವಾರ ನಾನು ತಪ್ಪು ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ. ಮೂರು ವಾರವೇಕೆ, ನಾಲ್ಕು ವರ್ಷ. ಒಂದೂವರೆ ತಾಸಿನ ಬಸ್ಸಿನ ದಾರಿಯಲ್ಲಿ ಅಕ್ಕ ಕಾಯುತ್ತಾ ಕೂತಿದ್ದಳು, ನಾನು ಮಾತ್ರ ಚೀಲಗಳ ಮೇಲೆ ತಪ್ಪು ಹೊರಿಸಿ ಹಾಯಾಗಿದ್ದೆ. ನಾಚಿಕೆಯಿಂದ ನೆಲ ನೋಡುತ್ತಾ ಕೂತೆ. ಅಕ್ಕ ರೊಟ್ಟಿ ಬಡಿದು ಹಾಕಿದಳು, ಎದುರು ಕೂತು ತಾನೂ ಉಂಡಳು. ಉಣ್ಣುವಾಗ ನವಿಲಿನ ಕಥೆ ಹೇಳಿದೆ. ಕೋಳಿಯ ಮಾತು ಬಂದಾಗ ಅವಳಿಗೆ ಕೆಮ್ಮು ಹತ್ತಿ ನಗು ಹತ್ತಿ ಭಾವ ನೀರು ತಂದುಕೊಡಬೇಕಾಯಿತು. ಆಮೇಲೆ ಫೋನು ಹಿಡಿದು ಬಳಗದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು, "ಲಗ್ನ ಇಲ್ಲ, ಏನಿಲ್ಲ, ನಮ್ಮ ಚೆನ್ನ್ಯಾ ನನ್ನ ಕರಿಯಾಕ ಮನಿಗೆ ಬಣ್ಣ ಹಚ್ಚಿಸಿ ಬಂದಾನ" ಎಂದು ಹೇಳಿದಳು. ಅಶ್ವಿನಿ ಹೇಳಿದ್ದು ಸರಿ. ಅತ್ತೆ ಹೇಳಿದ್ದನ್ನು ಎಲ್ಲರೂ ನಂಬಿದರು. ಸಂಜೆಯ ಬಸ್ಸಿಗೆ ಅಕ್ಕ ನನ್ನ ಜೊತೆ ಹೊರಟಳು.

ಕೋಣೆ ನೋಡಿ ಅವಳು ಗಿರಿಜಾಳ ಬೆನ್ನು ತಟ್ಟಿದಳು. ಪರದೆಯ ಅಂಚು ಮುಟ್ಟಿ ನೋಡಿದಳು. ನಾಲ್ಕನೆಯ ಗೋಡೆಯ ಮುಂದೆ ನಿಂತು, "ಇದು ಯಾರದು?" ಎಂದು ಕೇಳಿದಳು. ನನ್ನದು ಅಂದೆ. ಮಂಚವನ್ನು ಆ ಗೋಡೆಯ ಕಡೆ ಮುಖವಾಗುವಂತೆ ತಿರುಗಿಸಲು ಹೇಳಿದಳು. "ನೋಡಿದ್ರ ನಗಿ ಬರತೈತಿ, ಚಲೋ ನಿದ್ದಿ ಹತ್ತತೈತಿ" ಅಂದಳು. ಹೊರಗಿನ ನವಿಲುಗಳನ್ನು ಅಳಿಸಲು ಮೌಲಾಸಾಬ್ ಸುಣ್ಣ ತಂದು ನಿಂತಿದ್ದ. ಅಕ್ಕ ಬೇಡವೆಂದಳು. ಅವಳ ಜನ್ಮದಲ್ಲಿ ಅವಳಿಗಾಗಿ ಯಾರೂ ನವಿಲು ಬರೆಸಿರಲಿಲ್ಲವಂತೆ. ಖಾಲಿ ಜಾಗಗಳಲ್ಲಿ ಅಶ್ವಿನಿ ಸೀಮೆಸುಣ್ಣದಿಂದ ಒಂದರಲ್ಲಿ 'ಶರಣಕ್ಕ' ಎಂದೂ ಇನ್ನೊಂದರಲ್ಲಿ 'ಪಂಚಮಿ' ಎಂದೂ ಬರೆದಳು.

ಎಂಟು ದಿನ ಎಂದು ಬಂದ ಅಕ್ಕ ಹದಿನೈದು ದಿನ ಇದ್ದಳು. ದಿನವೂ ಸಂಜೆ ಕಟ್ಟೆಯ ಮೇಲೆ ಈರಮ್ಮನೂ ಓಣಿಯ ಹೆಂಗಸರೂ ಸೇರುತ್ತಿದ್ದರು. ದಿನವೂ ಅಕ್ಕ ಅದೇ ಮಾತು ಹೇಳುತ್ತಿದ್ದಳು. "ನನ್ನ ತಮ್ಮ ಯಾರನ್ನೂ ಕಳಸಲಿಲ್ಲ ನೋಡವಾ. ಮೈಗೆ ಹತ್ತಿದ ಬಣ್ಣ ಸೈತ ತೊಳಕೊಳ್ಳಲಾರದ ತಾನ ಓಡಿ ಬಂದ, ಅಕ್ಕಾ ನಡಿ ಅಂದ." ಈರಮ್ಮ ತನ್ನ ಮೂವರು ತಮ್ಮಂದಿರನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದಳು. 'ಅಕ್ಕಾ ನಡಿ' ಎಂದು ನಾನು ಅಂದಿರಲಿಲ್ಲ. ನಾನು ಹೋದದ್ದು ನವಿಲಿನ ಆಪಾದನೆಯಿಂದ ತಪ್ಪಿಸಿಕೊಳ್ಳಲು, ಅದೂ ಮಗಳು ಚಪ್ಪಲಿ ತಂದಿಟ್ಟ ಮೇಲೆ. ಗಿರಿಜಾಳಿಗೆ ಇದು ಗೊತ್ತು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಓಣಿಯವರೆಲ್ಲ ಅದನ್ನು ನನ್ನ ವಿನಯ ಎಂದುಕೊಂಡಿದ್ದಾರೆ.